ನನ್ನನ್ನು ದೇವರ ಹುದ್ದೆಯಿಂದ ಬಿಡುಗಡೆ ಮಾಡಿಸುವ ಬಗ್ಗೆ

ಮೂರು ಚಂದ್ರರ ಗ್ರಹವೊಂದನ್ನು ಒಂದೇ ಲೇಖನಿಯಿಂದ ಸೃಷ್ಟಿಸಿ, ವಾರಕ್ಕೊಂದು ಕಂತಿನಂತೆ ನಮ್ಮ ಅಂಗಡಿಗೆ ಇಳಿಸುತ್ತಿರುವ ಮಾನ್ಯ ಕಾದಂಬರಿಕಾರರೇ,

ಐವತ್ತು ವರ್ಷ ಕೋಟು ಹೊಲಿದ ಎಪ್ಪತ್ತೆರಡರ ದರ್ಜಿ ಹೆಂಗಸೊಬ್ಬಳ ನಮಸ್ಕಾರಗಳನ್ನು ತಾವು ಸ್ವೀಕರಿಸಬೇಕು. ದೇವರಾದವಳು ಯಾರಿಗೂ ನಮಸ್ಕರಿಸುವ ರೂಢಿಯಿಲ್ಲವೆಂದು ಬಲ್ಲೆ. ಆದರೆ ನನ್ನನ್ನು ಆ ಹುದ್ದೆಗೆ ಏರಿಸಿದವರು ತಾವೇ ಆದ್ದರಿಂದ, ಮೇಲಧಿಕಾರಿಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸುತ್ತಿದ್ದೇನೆ.

ತಮ್ಮ ಹನ್ನೊಂದನೆಯ ಕಂತನ್ನು ನನ್ನ ಮಗ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದ. ಆ ಗ್ರಹದ ಜನ ಮೊದಮೊದಲು ನೀರು ಎಲ್ಲಿದೆಯೆಂದು ಹಿರಿಯರನ್ನು ಕೇಳಿ ಬಾವಿ ತೋಡುತ್ತಿದ್ದರು. ಅವರ ಮಕ್ಕಳು ಕೇಳಿದರು, ಆದರೆ ಉತ್ತರಕ್ಕೆ ಕಾಯಲಿಲ್ಲ. ಮೊಮ್ಮಕ್ಕಳು ಹಿರಿಯರನ್ನು ಗುಡ್ಡದ ಮೇಲೆ ಕೂರಿಸಿ ಕೆಳಗಿನಿಂದಲೇ ಕೈಮುಗಿದರು. ಮರಿಮಕ್ಕಳ ಕಾಲಕ್ಕೆ ಗುಡ್ಡದಿಂದ ಕೇಳಿಬರುವ ಕೂಗೆಲ್ಲ ಆಶೀರ್ವಾದವೆಂದೇ ತೀರ್ಮಾನವಾಯಿತು. ಎಂಥ ಕಲ್ಪನೆ! ಸೊಸೆ ಕಣ್ಣೊರೆಸಿಕೊಂಡಳು. ಮಗ, "ಅನ್ಯಗ್ರಹದವರಿಗೇ ಇಷ್ಟು ಸಂಸ್ಕಾರ ಇದೆ, ನಮಗಿಲ್ವಲ್ಲ" ಎಂದ.

ಮರುದಿನ ಬೆಳಿಗ್ಗೆ ಗಾಜಿನ ಕಪಾಟಿನ ಪಕ್ಕ ಎತ್ತರದ ಕುರ್ಚಿಯೊಂದು ಬಂದು ನಿಂತಿತ್ತು. ಹುಟ್ಟಿದಾಗಿನಿಂದ 'ಬಾರಮ್ಮ, ಹೋಗಮ್ಮ' ಎನ್ನುತ್ತಿದ್ದವನು, "ಆ ಕತ್ತರಿ ಕೊಡಿ ಅಮ್ಮ. ನೀವಿನ್ನು ನಮ್ಮ ಪಾಲಿನ ದೇವರು" ಎಂದ. ಬಹುವಚನ ಬಂತು, ಕತ್ತರಿ ಹೋಯಿತು, ಅದರ ಹಿಂದೆಯೇ ಅಳತೆ ಟೇಪು, ಸೀಮೆಸುಣ್ಣ, ಊಟದಲ್ಲಿನ ಉಪ್ಪು ಖಾರ ಎಲ್ಲವೂ ಹೋದವು. ಗಾಳಿಗೆ ಚಳಿಯಾಗುತ್ತಿದೆ, ಕಿಟಕಿ ಮುಚ್ಚಿ ಎಂದರೆ ತಲೆಬಾಗುತ್ತಿದ್ದರು, ಕಿಟಕಿ ಮಾತ್ರ ತೆರೆದೇ ಇರುತ್ತಿತ್ತು.

ಕಳೆದ ತಿಂಗಳು ವಕೀಲರೊಬ್ಬರ ಕರಿ ಕೋಟಿಗೆ ಮಗ ಎಡತೋಳನ್ನು ಬಲಗಡೆಗೆ ಕೂಡಿಸುತ್ತಿರುವುದನ್ನು ಕುರ್ಚಿಯಿಂದಲೇ ಕಂಡು, "ತೋಳು ಅದಲುಬದಲಾಗಿದೆ ಕಣೋ!" ಎಂದು ಕೂಗಿದೆ. ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಅವನು ಕೈಮುಗಿದ. ಇನ್ನೊಮ್ಮೆ ಕೂಗಿದೆ; ಸೊಸೆಯೂ ಬಂದು ಕೈಮುಗಿದಳು.

ವಕೀಲರು ನ್ಯಾಯಾಲಯದಲ್ಲಿ 'ಆಕ್ಷೇಪಣೆ' ಎಂದು ಕೈಯೆತ್ತಿದಾಗ, ಅವರಿಗಿಂತ ಮೊದಲು ಕೋಟೇ ಆಕ್ಷೇಪಿಸಿ ಕಂಕುಳಲ್ಲಿ ಪರ್ರೆಂದು ಬಾಯಿಬಿಟ್ಟಿತಂತೆ. ಕೆಂಡಾಮಂಡಲವಾಗಿ ಬಂದವರಿಗೆ ಮಗ ನನ್ನ ಕುರ್ಚಿ ತೋರಿಸಿ, "ಅಮ್ಮನ ಹತ್ರ ಹೇಳ್ಕೊಳ್ಳಿ ಸಾರ್, ಎಲ್ಲಾ ಸರಿಹೋಗುತ್ತೆ" ಎಂದ.

"ಅದ್ಸರಿ, ಅವರು ಹೇಳೋದನ್ನ ನೀವು ಯಾವತ್ತಾದ್ರೂ ಕೇಳಿಸ್ಕೊಂಡಿದ್ದೀರೇನ್ರೀ?" ಎಂದರು ವಕೀಲರು.

ಹೊಲಿಗೆ ಯಂತ್ರಗಳು ನಿಂತವು. ನಾನು ಕುರ್ಚಿಯಿಂದ ಇಳಿದೆ, ಮಂಡಿ ಲಟಕ್ಕೆಂದಿತು, ದೇವರನ್ನು ಮುಟ್ಟಬಾರದೆಂದು ಯಾರೂ ಕೈ ಹಿಡಿಯಲಿಲ್ಲ. ವಕೀಲರ ಮೈಮೇಲಿಂದ ಕೋಟು ಬಿಚ್ಚಿಸಿ, ತೋಳಿನ ಹೊಲಿಗೆ ಕಿತ್ತು, ಕೈಯಲ್ಲೇ ಹೊಲಿಯಲು ಕೂತೆ. ಮೊದಲ ನಾಲ್ಕು ಹೊಲಿಗೆ ಸೊಟ್ಟಗೆ ಹೋದವು, ಹೆದರಿದೆ. ಐದನೆಯದು ನೆಟ್ಟಗೆ ಬಂತು. ಎಷ್ಟೋ ಹೊತ್ತಿನ ಮೇಲೆ ಮಗ ಬಂದು ನೆಲದ ಮೇಲೆ ಕೂತು, "ಇಲ್ಲಿ ಎಷ್ಟು ಮಡಿಕೆ ಬಿಡ್ಬೇಕು, ಹೇಳಮ್ಮ" ಎಂದ. ಏಕವಚನದಲ್ಲಿ! ಅರ್ಧ ಬೆರಳು ಎಂದೆ. ಅರ್ಧ ಬೆರಳೇ ಬಿಟ್ಟ.

ಆದರೆ ಭಕ್ತಿಯೆಂಬುದು ಮರುಕಳಿಸುವ ಜ್ವರ; ತಮ್ಮ ಧಾರಾವಾಹಿ ಇನ್ನೂ ನಡೆಯುತ್ತಿದೆ, ಕುರ್ಚಿಯೂ ಇನ್ನೂ ಅಂಗಡಿಯಲ್ಲೇ ಇದೆ. ಆದ್ದರಿಂದ ಗುಡ್ಡದ ಮೇಲಿನ ಒಬ್ಬ ಮುದುಕಿಯಾದರೂ ಜಾರಿ ಕೆಳಗಿಳಿದು ಮರಿಮಗನೊಬ್ಬನ ಕಿವಿ ಹಿಂಡುವಂತೆ ದಯಮಾಡಿ ಬರೆಯಬೇಕು. ಕಥೆ ಒಪ್ಪದಿದ್ದರೆ, ಅಲ್ಲಿನ ದೇವರುಗಳನ್ನೆಲ್ಲ ಒಂದು ನೌಕೆಯಲ್ಲಿ ತುಂಬಿ ನಮ್ಮ ಅಂಗಡಿಗೆ ಕಳುಹಿಸಿ. ಗುಂಡಿ ಹಚ್ಚುವ ಕೆಲಸ ರಾಶಿ ಬಿದ್ದಿದೆ, ಊಟಕ್ಕೆ ಉಪ್ಪು ನಾನೇ ಹಾಕುತ್ತೇನೆ.

ತಮ್ಮ ವಿಶ್ವಾಸಿ,
ಮಾಜಿ ದೇವರು, ಹಾಲಿ ದರ್ಜಿ

ತಾ.ಕ.: ಕಂತಿನ ತಲೆಯ ಮೇಲೆ ಅಚ್ಚಾಗುವ ಭಾವಚಿತ್ರದಲ್ಲಿ ತಮ್ಮ ಕೋಟಿನ ಎಡಭುಜ ಜೋತುಬಿದ್ದಿದೆ. ಮನೆಯಲ್ಲಿ ಹಿರಿಯರು ಯಾರೂ ಹೇಳಲಿಲ್ಲವೇ? ಅಥವಾ, ಹೇಳಿದಾಗ ತಾವು ಕೈಮುಗಿದಿರೋ?