ಹುಲಿಗೆ ಯಂತ್ರದ ಚಿತ್ರ ಕಳಿಸಿದ ಮಹನೀಯರಿಗೆ

ಮಾನ್ಯರೇ,

ತಮ್ಮ ಹೆಸರು, ಊರು, ಮುಖ ಯಾವುದೂ ತಿಳಿಯದ ಕಾರಣ, ನಮಸ್ಕಾರವನ್ನು ನಾಲ್ಕೂ ದಿಕ್ಕಿಗೆ ತಿರುಗಿ ಒಂದೊಂದು ಸಲ ಮಾಡಿ ಈ ಪತ್ರ ಆರಂಭಿಸುತ್ತಿದ್ದೇನೆ. ಯಾವುದಾದರೊಂದು ತಲುಪಿರುತ್ತದೆಂದು ನಂಬಿದ್ದೇನೆ. ನಾನು ಧಾರವಾಡದ ವ್ಯಾಸರಾಜ. ಹದಿನೆಂಟು ವರ್ಷಗಳಿಂದ ಗೋವೆಯ ಕೊರ್ತಾಲಿಮಿನಲ್ಲಿದ್ದು, ಹಡಗು ದುರಸ್ತಿಯ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದೇನೆ. ಇಲ್ಲಿನ ಕನ್ನಡಿಗರ ಇನ್ನೂರ ಹನ್ನೆರಡು ಜನರ ವಾಟ್ಸಾಪ್ ಗುಂಪಿಗೆ ಅಡ್ಮಿನ್ ಕೂಡ ಹೌದು.

ತಮ್ಮ ಚಿತ್ರ ನನಗೆ ಕಾರವಾರದ ಭಾವನವರಿಂದ ಬಂತು. ನಗುವ ಹೆಂಗಸು, ಪಕ್ಕದಲ್ಲಿ ಹೊಚ್ಚ ಹೊಸ ಯಂತ್ರ, ಕೆಳಗೆ 'ಉಚಿತ ಹುಲಿಗೆ ಯಂತ್ರ, ಚಿತ್ರ ಮುಟ್ಟಿರಿ' ಎಂಬ ಆಹ್ವಾನ. ಹೊಲಿಗೆ ಹುಲಿಗೆಯಾದದ್ದನ್ನು ನಾನು ಕೂಡಲೇ ಕಂಡುಹಿಡಿದೆ. ಅಷ್ಟು ಕಂಡುಹಿಡಿದವನು ಉಳಿದದ್ದನ್ನು ನೋಡದೆ, 'ಪರಿಶೀಲಿಸಲಾಗಿದೆ, ಅರ್ಹರು ಲಾಭ ಪಡೆಯಿರಿ' ಎಂಬ ಸಾಲು ಸೇರಿಸಿ ಗುಂಪಿಗೆ ದಾಟಿಸಿದೆ. ನಾನು ಪರಿಶೀಲಿಸಿದ್ದು ಕಾಗುಣಿತವನ್ನು ಮಾತ್ರ ಎಂಬುದನ್ನು ತಮ್ಮ ಮುಂದೆ ಮೊದಲ ಬಾರಿಗೆ ಒಪ್ಪಿಕೊಳ್ಳುತ್ತಿದ್ದೇನೆ.

ನಮ್ಮ ಹಿಂದಿನ ಓಣಿಯ ಹುಲಿಗೆಮ್ಮ ಕಟ್ಟಡಗಳಲ್ಲಿ ಕಾಂಕ್ರೀಟ್ ಬುಟ್ಟಿ ಹೊರುವಾಕೆ. ಎರಡು ತಿಂಗಳಿಂದ ಆಕೆಯ ಬಲಗೈ ಭುಜದ ಮೇಲಕ್ಕೆ ಏಳುತ್ತಿಲ್ಲ. ಇನ್ನು ಭಾರ ಹೊರಬೇಡವೆಂದು ಡಾಕ್ಟರರು ಹೇಳಿದ್ದಾರೆ. ತವರಿನಲ್ಲಿ ಕಲಿತ ಹೊಲಿಗೆಯೊಂದೇ ಆಕೆಗೆ ಉಳಿದ ದಾರಿ. ಗುಂಪಿನಲ್ಲಿ ಚಿತ್ರ ನೋಡಿದವಳೇ ಫೋನು ಹಿಡಿದು ನಮ್ಮ ಮನೆಗೆ ಓಡಿಬಂದಳು.

"ಸರ್, ನೋಡ್ರಿ, ನನ್ನ ಹೆಸರ ಹಾಕ್ಯಾರ! ಇದು ನನಗ ಬಂದದ್ದ್ರಿ."

ತಮ್ಮ ಅಕ್ಷರದೋಷ ಒಬ್ಬ ಬಡ ಹೆಂಗಸಿನ ಪಾಲಿಗೆ ಆಮಂತ್ರಣ ಪತ್ರಿಕೆಯಾದದ್ದು ಹೀಗೆ. ಮುಟ್ಟಿದ ಕೂಡಲೇ ತಮ್ಮ ಜಾಲತಾಣ ತೆರೆದುಕೊಂಡು ಆಕೆಯ ಹೆಸರು, ಊರು, ನಂಬರು, ಫೋಟೋ ಕೇಳಿತು. ಬಳಿಕ ಇಪ್ಪತ್ತು ಜನರಿಗೆ ಕಳಿಸಲು ಹೇಳಿತು. ಎಷ್ಟು ಮುಗಿಯಿತೆಂದು ತೋರಿಸುವ ಹಸಿರು ಪಟ್ಟಿ ಶೇಕಡಾ ತೊಂಬತ್ತೊಂಬತ್ತಕ್ಕೆ ಬಂದು ನಿಂತಾಗ ಮತ್ತೆ ಇಪ್ಪತ್ತು ಜನರನ್ನು ಕೇಳಿತು. ಕೊನೆಗೆ, 'ಅಭಿನಂದನೆಗಳು, ಗುರುವಾರ ನಿಮ್ಮ ಸಮೀಪದ ವಾಳಪೈ ಬಸ್ ನಿಲ್ದಾಣದ ಬಳಿ ಯಂತ್ರ ಪಡೆಯಿರಿ' ಎಂದಿತು. ಕೊರ್ತಾಲಿಮ್ ಒಂದು ಕಡೆ, ವಾಳಪೈ ಕರ್ನಾಟಕದ ಗಡಿಯ ಕಡೆ. ಇವೆರಡನ್ನೂ ಸಮೀಪವೆಂದ ತಮ್ಮ ಭೂಗೋಳ ಜ್ಞಾನವನ್ನು ಶಾಲೆಗಳಲ್ಲಿ ಪಾಠವಾಗಿ ಇಡಬೇಕೆಂದು ನನ್ನ ಸವಿನಯ ಸೂಚನೆ.

ಗಂಡ ಯಮನೂರಪ್ಪನೂ ಅಂದಿನ ಕೂಲಿ ಬಿಟ್ಟು, ಯಂತ್ರವನ್ನು ಬಸ್ಸಿನ ಮೇಲೆ ಕಟ್ಟಲು ಹಗ್ಗ ಹಿಡಿದು ಜೊತೆಗೆ ಹೋದ. ಅಲ್ಲಿ ಇನ್ನೂ ಒಂಬತ್ತು ಹೆಂಗಸರು ಅದೇ ಯಂತ್ರಕ್ಕಾಗಿ ಕಾದು ನಿಂತಿದ್ದರು. ಮಧ್ಯಾಹ್ನ ಮೂರರವರೆಗೆ ನಿಂತು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡದೆ ತಂತಮ್ಮ ಬಸ್ಸು ಹತ್ತಿದರು.

ತಮ್ಮ ಔದಾರ್ಯ ಇಲ್ಲಿಗೇ ನಿಂತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಮರುವಾರ ತಮ್ಮ ಹೊಸ ಚಿತ್ರ ಬಂತು. ಯಂತ್ರದ ಪಕ್ಕ ನಗುವ ಹೆಂಗಸಿನ ಜಾಗದಲ್ಲಿ ಈ ಸಲ ಹುಲಿಗೆಮ್ಮನ ಮುಖ! 'ಕೊರ್ತಾಲಿಮಿನ ಹುಲಿಗೆಮ್ಮನಿಗೆ ಸಿಕ್ಕಿತು, ನಿಮಗೆ?' ಅಂದೇ ಸಂಜೆ ಓಣಿಯ ಹೆಂಗಸರು ಕುಬಸದ ಬಟ್ಟೆ ಹಿಡಿದು ಆಕೆಯ ಬಾಗಿಲಿಗೆ ಬಂದರು. ಯಂತ್ರವಿಲ್ಲವೆಂದರೆ ಯಾರೂ ನಂಬಲೊಲ್ಲರು. ಹತ್ತು ವರ್ಷ ಒಂದೇ ನಳದ ನೀರು ಹಿಡಿದ ಹುಸೇನಬಿಯೂ ತಿರುಗಿಬಿದ್ದಳು.

"ಒಳಗ ಮುಚ್ಚಿಟ್ಟು ಇಲ್ಲ ಅಂತೀಯೇನ? ನಿನ್ನ ಫೋಟೋನ ಐತಲ್ಲ!"

ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಹುಲಿಗೆಮ್ಮ ಮತ್ತೆ ನಮ್ಮ ಮನೆಗೆ ಬಂದಳು. ಈ ಸಲ ಓಡಿ ಬರಲಿಲ್ಲ.

"ಯಂತ್ರ ಬ್ಯಾಡ್ರಿ ಸರ್. ನಾ ಸುಳ್ಳು ಹೇಳಿಲ್ಲ ಅಂತ ನೀವೊಂದು ಬರೀರಿ. ನೀವು ಬರದ್ದು ಎಲ್ಲಾರೂ ನಂಬ್ತಾರ."

ಮಾನ್ಯರೇ, ಯಾರೂ ನನ್ನನ್ನು ಇಷ್ಟು ಮೆತ್ತಗೆ ಹೊಡೆದಿರಲಿಲ್ಲ. ತಪ್ಪು ನನ್ನದೆಂದು ಉದ್ದವಾಗಿ ಬರೆದು ಗುಂಪಿಗೆ ಹಾಕಿದೆ. ಚಿತ್ರವಿಲ್ಲದ ಬರಹವಾದ್ದರಿಂದ ಯಾರೂ ಓದಲಿಲ್ಲ. ಒಬ್ಬರು ಕೆಳಗೆ ಶುಭೋದಯ ಕೋರಿದರು. ಭಾನುವಾರ ಮನೆ ಮನೆಗೆ ಹೋಗಿ ಬಾಯಿಂದಲೇ ಹೇಳಿದೆ. ಮೂವತ್ತೊಂದು ಮನೆಗಳಲ್ಲಿ ತಲೆ ತಗ್ಗಿಸಿ ನಿಂತು ವಾಪಸು ಬಂದಾಗ, ನನ್ನ ಹೆಂಡತಿ ರಂಜನಾ ಟೀವಿಯನ್ನು ನೆಲಕ್ಕಿಳಿಸಿ, ಅದರ ಕೆಳಗೆ ಮೇಜಿನಂತೆ ಬಿದ್ದಿದ್ದ ತನ್ನ ಮದುವೆಯ ಹೊಲಿಗೆ ಯಂತ್ರವನ್ನು ಒರೆಸುತ್ತಿದ್ದಳು.

"ಹೇಳಿ ತಿರುಗಿದ್ದು ಸಾಕ್ರಿ," ಅಂದಳು. "ಇದನ್ನ ಆಕಿಗೆ ಕೊಟ್ಟು ಬರ್ರಿ."

ನಾನೂ ಯಮನೂರಪ್ಪನೂ ಹೊತ್ತು ಒಯ್ದೆವು. ಹುಲಿಗೆಮ್ಮ ತುಂಬ ಹೊತ್ತು ಅದನ್ನು ಮುಟ್ಟಲೇ ಇಲ್ಲ. ಆಮೇಲೆ ಎಡಗೈಯಿಂದ ಚಕ್ರ ತಿರುಗಿಸಿ, ಎಣ್ಣೆ ಬೇಕೆಂದು ಮಾತ್ರ ಹೇಳಿದಳು. ಎಣ್ಣೆ ತಂದುಕೊಟ್ಟವಳು ಹುಸೇನಬಿ.

ಆದ್ದರಿಂದ ತಮ್ಮ ಪರವಾಗಿ ಒಂದು ಯಂತ್ರ ವಿತರಣೆಯಾಗಿದೆ ಎಂದು ತಿಳಿಸಲು ಹರ್ಷಿಸುತ್ತೇನೆ. ವಾಳಪೈಯಲ್ಲಿ ನಿಂತಿದ್ದ ಉಳಿದ ಒಂಬತ್ತು ಜನರಿಗೆ ತಾವೇ ಹೊತ್ತು ತಂದುಕೊಡುವ ಕೃಪೆ ಮಾಡಬೇಕು. ಹುಲಿಗೆಮ್ಮನ ಫೋಟೋ ತೆಗೆದು, ಖಾಲಿಯಾದ ಜಾಗದಲ್ಲಿ ತಮ್ಮ ಫೋಟೋ ಹಾಕಿಕೊಳ್ಳಬೇಕು. ಅಷ್ಟು ಜನ ತಮ್ಮನ್ನು ನೋಡಲು ಆತುರರಾಗಿದ್ದಾರೆ.

ಒಮ್ಮೆ ಕಣ್ಣುಮುಚ್ಚಿ ವಿಶ್ವಾಸವಿಟ್ಟಿದ್ದ,
ತಮ್ಮ ವಿಶ್ವಾಸಿ,
ವ್ಯಾಸರಾಜ

ತಾ.ಕ.: ನಾವು ಯಂತ್ರ ಹೊತ್ತು ಹೋಗುವುದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದಾರೆ. ನಿನ್ನೆ ಬಂದ ತಮ್ಮ ಮೂರನೆಯ ಚಿತ್ರದಲ್ಲಿ ಬೆವರುತ್ತ ನಿಂತಿರುವ 'ವಿತರಣಾಧಿಕಾರಿ' ನಾನೇ. ಯೋಜನೆ ಖರೇ ಎಂದು ಈಗ ಎಲ್ಲರಿಗೂ ಖಾತ್ರಿಯಾಗಿದೆ. ಸಾಂಗೆಯಿಂದ ಸತ್ಯವ್ವ ಎಂಬವರು ಯಂತ್ರ ಕೇಳಿಕೊಂಡು ಇಂದು ಬೆಳಿಗ್ಗೆಯೇ ಬಂದು ನಮ್ಮ ಕಟ್ಟೆಯ ಮೇಲೆ ಕೂತಿದ್ದಾರೆ. ಅವರಿಗೆ ಏನು ಹೇಳಬೇಕೆಂಬುದನ್ನು ತಾವೇ ಬಂದು ಹೇಳಿರಿ, ಚಹಾ ನಮ್ಮದು.