ಓಡುವ ಅಕ್ಷರಗಳ ಮಾವ

ನನ್ನ ಮಾವನಿಗೆ ಅಕ್ಷರ ನೆಟ್ಟಗೆ ಬರೆಯಲು ಬರುವುದಿಲ್ಲ. ಇದು ಆರೋಪವಲ್ಲ, ದೃಢಪಟ್ಟ ಸುದ್ದಿ! ಪತ್ರಿಕೆಯ ಸುದ್ದಿಮನೆಯಲ್ಲಿ ಇಷ್ಟು ವರ್ಷ ಕೂತ ನಾನು ಎರಡು ಮೂಲಗಳಿಂದ ಖಚಿತವಾಗದ ಒಂದು ಸಾಲನ್ನೂ ಮುದ್ರಣಕ್ಕೆ ಬಿಟ್ಟವನಲ್ಲ. ಈ ಸುದ್ದಿಯ ಮೊದಲ ಮೂಲ ಕಟಪಾಡಿಯ ಅರ್ಧದಷ್ಟು ಅಂಗಡಿಗಳ ಬೋರ್ಡು. ಎರಡನೆಯ ಮೂಲ ಸ್ವತಃ ಮಾವ.

"ನೆಟ್ಟಗೆ ನಿಲ್ಲಿಸಲಿಕ್ಕೆ ಅದೇನು ಬೇಲಿ ಗೂಟವಾ?"

ಮಾವ ಬೋರ್ಡು ಬರೆಯುವ ಪೇಂಟರ್. ಅವರ ಅಕ್ಷರ ದಪ್ಪ, ಬಲಕ್ಕೆ ಬಾಗಿದ್ದು. ಬಾಲ, ಬಳ್ಳಿ, ಕೊಕ್ಕೆ ಒಂದೂ ಇರುವುದಿಲ್ಲ. ಎದುರುಗಾಳಿಗೆ ತಲೆ ತಗ್ಗಿಸಿ ನುಗ್ಗುವವನ ಹಾಗೆ ಕಾಣುತ್ತದೆ. ಬಸ್ಸಿಗೆ, ದೋಣಿಗೆ, ಕ್ರಿಕೆಟ್ ಟೂರ್ನಮೆಂಟಿಗೆ ಹೇಳಿ ಮಾಡಿಸಿದ್ದು, ಒಪ್ಪೋಣ. ಆದರೆ ಹಾಸಿಗೆ ಅಂಗಡಿಗೆ? ಅಲ್ಲಿಯೂ 'ಹಾಸಿಗೆ' ಎದ್ದು ಓಡುತ್ತಿತ್ತು!

ಒಮ್ಮೆ ಕಾರ್ಕಳದ ಹತ್ತಿರ ಶಾಲೆಯೊಂದರ ಎದುರು 'ನಿಧಾನವಾಗಿ ಚಲಿಸಿ' ಎಂದು ಬರೆಯುವ ಕೆಲಸ ಸಿಕ್ಕಿತು. ಬರೆದು ಮುಗಿಸಿದ ಮರುದಿನವೇ ಪಂಚಾಯತ್ ಸದಸ್ಯರ ಫೋನು.

"ಎಂತ ಮಾರಾಯ್ರೆ, ನಿಮ್ಮ 'ನಿಧಾನ'ವೇ ಓಡ್ತಾ ಉಂಟಲ್ಲ!"

"ನೀವು ಓದಿದ್ದು ಎಲ್ಲಿಂದ?"

"ಆಚೆ ತಿರುವಿನಿಂದಲೇ ಕಂಡಿತು."

"ಅಲ್ಲಿಂದಲೇ ಬ್ರೇಕ್ ಹಾಕಿದ್ರಲ್ಲ? ಮತ್ತೆಂತದು?"

ಫೋನು ಕಟ್. ಬೋರ್ಡು ಇನ್ನೂ ಅಲ್ಲೇ ಉಂಟು.

ಕಳೆದ ವರ್ಷ ಮಣಿಪಾಲದಲ್ಲಿ ವಿನ್ಯಾಸ ಕಲಿಯುವ ಹುಡುಗಿಯೊಬ್ಬಳು ಮಾವನನ್ನು ಹುಡುಕಿಕೊಂಡು ಬಂದಳು. ಪರ್ಕಳದಲ್ಲಿ ಬಾಡಿಗೆ ಕೋಣೆ, ಕೈಯಲ್ಲಿ ಲ್ಯಾಪ್‌ಟಾಪ್. "ಅಂಕಲ್, ನಿಮ್ಮ ಅಕ್ಷರವನ್ನು ಫಾಂಟ್ ಮಾಡುವ. ಬಾಗಿಸಲಿಕ್ಕೆ ಕಷ್ಟವೇ ಇಲ್ಲ, ಒಂದು ಬಟನ್ ಉಂಟು" ಎಂದು ಒತ್ತಿಯೇ ಬಿಟ್ಟಳು. ಪರದೆಯ ಮೇಲೆ 'ಠ' ಕೋಳಿಮೊಟ್ಟೆಯಾಯಿತು. 'ಕ' ಮುಗ್ಗರಿಸಿತು.

ಮಾವ ಕನ್ನಡಕ ತೆಗೆದರು. "ಹಿಂದಿನಿಂದ ದೂಡಿದರೂ ಮನುಷ್ಯ ಬಾಗ್ತಾನೆ, ಓಡುವಾಗಲೂ ಬಾಗ್ತಾನೆ. ಎರಡೂ ಒಂದೆಯಾ ಮಗಾ?"

ಹುಡುಗಿ ಆ ಬಟನ್ ಬಿಟ್ಟಳು. ಒಂದೊಂದೇ ಅಕ್ಷರವನ್ನು ಹೊಸದಾಗಿ ಬಿಡಿಸಿದಳು. ಮಾವ ಪಕ್ಕದಲ್ಲಿ ಕೂತು ಗದರಿದರು: "ಅಕ್ಷರದ ಹೊಟ್ಟೆ ತೆರೆದಿಡು! ದಪ್ಪ ಮಾಡುವ ಭರದಲ್ಲಿ ಹೊಟ್ಟೆ ಮುಚ್ಚಿದರೆ ದೂರದವರಿಗೆ ಅದು ಅಕ್ಷರ ಅಲ್ಲ, ಡಾಮರಿನ ಉಂಡೆ." ಈ ದೂರದವರು ಯಾರು ಎಂದು ನಾನು ಕೇಳಲಿಲ್ಲ. ವರದಿಗಾರ ಕೇಳಬೇಕಾದ ಮೊದಲ ಪ್ರಶ್ನೆಯೇ ಅದಾಗಿತ್ತು.

ಅಷ್ಟರಲ್ಲಿ ಯುದ್ಧ ಶುರುವಾಯಿತು. ಉಡುಪಿಯಿಂದ ಕಾಪುವಿಗೆ ಹೋಗುವ ಖಾಸಗಿ ಬಸ್ಸೊಂದರ ಹಣೆಯ ಮೇಲೆ ಮಾವ ಬರೆದ ಹೆಸರಿತ್ತು. ಮಾಲಕರು ಅದನ್ನು ಕೆರೆದು ತೆಗೆದು, ಉಳಿದೆಲ್ಲ ಬಸ್ಸುಗಳ ಹಾಗೆ ನೆಟ್ಟಗಿನ ಸ್ಟಿಕ್ಕರ್ ಅಂಟಿಸಲು ಹೊರಟರು. ಸುದ್ದಿ ಸಿಕ್ಕಿದ್ದೇ ತಡ, ಮಾವ ಕಟಪಾಡಿ ಜಂಕ್ಷನ್ನಿನಲ್ಲಿ ಬಸ್ಸಿನ ಬಂಪರ್ ಹತ್ತಿ, ಹಣೆಗೆ ಬೆನ್ನು ಕೊಟ್ಟು ನಿಂತರು!

"ಇಳೀರಿ ಮಾರಾಯ್ರೆ, ಟೈಮಿಂಗ್ ಆಯ್ತು!" ಎಂದು ಕಂಡಕ್ಟರ್ ಬೊಬ್ಬೆ ಹಾಕಿದ.

ಕಾರಿನಲ್ಲಿ ಧಾವಿಸಿ ಬಂದ ಮಾಲಕರು ಕೈ ಮುಗಿದರು. "ಈಗ ಎಲ್ಲರೂ ಸ್ಟಿಕ್ಕರ್ ಹಾಕುವುದು. ಪೇಂಟ್ ಯಾರಿಗೆ ಬೇಕು?"

"ಸ್ಟಿಕ್ಕರೇ ಹಾಕಿ. ಅಕ್ಷರ ಬಾಗಬೇಕು."

"ನೆಟ್ಟಗೆ ಇದ್ರೆ ನಿಮಗೆ ಎಂತ ಆಗ್ತದೆ?"

"ಆಗ್ತದೆ."

ನಾನೂ ಬುದ್ಧಿ ಹೇಳಲು ಹೋದೆ. "ಮಾವ, ಇದು ಬರೀ ಹಠ."

"ಹಠ ಅಂತಲೇ ಬರ್ಕೊ. ದೊಡ್ಡ ಹೆಡ್ಡಿಂಗ್ ಹಾಕು!"

ಕೊನೆಗೆ ಹುಡುಗಿಗೆ ಫೋನು ಹೋಯಿತು. ಅವಳ ಫಾಂಟಿನಿಂದಲೇ ಸ್ಟಿಕ್ಕರ್ ಕತ್ತರಿಸುವುದೆಂದು ತೀರ್ಮಾನವಾಯಿತು. ಮಾಲಕರು ಕಲೆಗೆ ತಲೆಬಾಗಿದರೆಂದು ದಯವಿಟ್ಟು ಭಾವಿಸಬೇಡಿ. ಹಿಂದೆ ಬರಬೇಕಿದ್ದ ಬಸ್ಸೂ ಬಂದು ಹಾರ್ನ್ ಹೊಡೆಯುತ್ತಿತ್ತು, ಅಷ್ಟೇ.

ಮೊನ್ನೆ ಶನಿವಾರ ಅದೇ ಜಂಕ್ಷನ್ನಿನಲ್ಲಿ ಮಾಮಿ ಸಿಕ್ಕರು. ಮಾವನ ಹೆಂಡತಿ. ಎರಡು ವರ್ಷಗಳಿಂದ ಅವರ ಕಣ್ಣು ಮಬ್ಬಾಗುತ್ತಿದೆ. ಹೋದ ದೃಷ್ಟಿ ಹಿಂದೆ ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಆದರೂ ಪ್ರತಿ ಶನಿವಾರ ಕಾಪುವಿನ ತಂಗಿಯ ಮನೆಗೆ ಒಬ್ಬರೇ ಹೋಗುತ್ತಾರೆ. ಮಾವ ಜೊತೆಗೆ ಬರುವಂತಿಲ್ಲ. 'ಇದು ಯಾವ ಬಸ್ಸು' ಎಂದು ಮಾಮಿ ಯಾರನ್ನೂ ಕೇಳುವುದಿಲ್ಲ.

"ಕೇಳಿದ್ರೆ ಕೈ ಹಿಡಿದು ಹತ್ತಿಸ್ತಾರೆ. ನನಗೆ ಎಂತ ಆಗಿದೆ?"

ದೂರದಲ್ಲಿ ಮೂರು ಬಸ್ಸುಗಳು ಸಾಲಾಗಿ ಬಂದವು. ಕನ್ನಡಕ ಹಾಕಿದ ನನಗೇ ಹೆಸರು ಓದಲಾಗಲಿಲ್ಲ. ಮಾಮಿ ಮಾತ್ರ ಚೀಲ ಎತ್ತಿಕೊಂಡು ಮುಂದೆ ನಡೆದರು.

"ಮಾಮಿ, ನಿಮಗೆ ಓದಲಿಕ್ಕೆ ಆಗ್ತದಾ?"

"ಓದುವುದು ಯಾರು? ಎಲ್ಲ ಬಸ್ಸಿನ ಹಣೆಗೂ ಮಸಿ ಮೆತ್ತಿದ ಹಾಗೆ ಕಾಣ್ತದೆ. ಒಂದು ಮಾತ್ರ ಬಾಗಿಕೊಂಡು ಬರ್ತದೆ. ಅದು ನನ್ನದು."

ಮೊದಲ ಎರಡು ಬಸ್ಸುಗಳನ್ನು ಬಿಟ್ಟರು. ಮೂರನೆಯದು ನಿಂತಿತು. ಕಂಡಕ್ಟರ್ ಕೈ ಚಾಚಿದ. ಮಾಮಿ ಅದನ್ನು ಮುಟ್ಟದೆ, ಸರಳು ಹಿಡಿದು ತಾವೇ ಹತ್ತಿದರು.

ಎರಡು ಮೂಲ ಸಾಕೆಂದುಕೊಂಡಿದ್ದೆ. ಮೂರನೆಯ ಮೂಲ ಆ ಬಸ್ಸಿನಲ್ಲಿ ಕಾಪುವಿಗೆ ಹೊರಟುಹೋಯಿತು.

ರಸ್ತೆಯ ಆಚೆ ಬದಿಯಲ್ಲಿ ಮಾವ ಏಣಿಯ ಮೇಲಿದ್ದರು. ಎದುರಿಗೆ ಅರ್ಧ ಬರೆದ ಬೋರ್ಡು, ಕೈಯಲ್ಲಿ ಒಣಗುತ್ತಿದ್ದ ಕುಂಚ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಕಾದು, ಆಮೇಲೆ ಕುಂಚವನ್ನು ಬಣ್ಣಕ್ಕೆ ಅದ್ದಿದರು.