ಪಕ್ಕದ ಮನೆಯವರ ಅಮೆರಿಕನ್ ಮುತ್ತಜ್ಜ

ಪಕ್ಕದ ಮನೆಯಲ್ಲಿ ರಿಟೈರ್ ಆದವರಿದ್ದರೆ ನಮ್ಮ ಶನಿವಾರಗಳು ನಮ್ಮ ಕೈಯಲ್ಲಿರುವುದಿಲ್ಲ. ಎರಡು ಸಾವಿರದ ಐದಾರರ ಸುಮಾರಿನಲ್ಲಿ, ಸಿಡ್ನಿಯ ರೌಸ್ ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯ ಆಸ್ಟ್ರೇಲಿಯನ್ ಮುದುಕರಿಗೆ ಮುತ್ತಜ್ಜನ ಹುಚ್ಚು ಹಿಡಿಯಿತು. ಆತ ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬಂದವನಂತೆ. ಮುದುಕರ ಕಣ್ಣು ಮಂಜು, ಹಾಗಾಗಿ ಡ್ರೈವರ್ ನಾನು. ಮೈಸೂರಿನಿಂದ ಬಂದಿದ್ದ ನಮ್ಮಮ್ಮ ಹಿಂದಿನ ಸೀಟಿನಲ್ಲಿ.

೧. ಕ್ಯಾಪ್ಟನ್

"ನಮ್ಮ ಮುತ್ತಜ್ಜ ಹಡಗಿನ ಕ್ಯಾಪ್ಟನ್," ಎಂದು ಮುದುಕರು ಬೀದಿಗೆಲ್ಲ ಹೇಳಿದ್ದರು. ಲೈಬ್ರರಿಯಲ್ಲಿ ಹಳೇ ಪತ್ರಿಕೆ ತೆಗೆಸಿದರೆ, ಆತ ಸಿಡ್ನಿಯಲ್ಲಿ ಹಡಗು ಬಿಟ್ಟು ಓಡಿಹೋದ ಅಡುಗೆಯವನು. ಕ್ಯಾಪ್ಟನ್ ಅವನನ್ನು ಹುಡುಕುತ್ತಿದ್ದನಂತೆ.

ಮುದುಕರು ಪತ್ರಿಕೆ ಮಡಿಸಿಟ್ಟು, "ಕ್ಯಾಪ್ಟನ್ ಒಬ್ಬ ಇದ್ದದ್ದಂತೂ ನಿಜವಾಯ್ತಲ್ಲ," ಅಂದರು.

೨. ಸಮಾಧಿ

ಮುತ್ತಜ್ಜ ಸತ್ತದ್ದು ಮೆಲ್ಬೋರ್ನ್‌ನಲ್ಲಿ ಅಂತ ಗೊತ್ತಾಗಿ ಒಂಬತ್ತು ಗಂಟೆ ಕಾರು ಓಡಿಸಿದೆ. ಅಲ್ಲಿನ ಸ್ಮಶಾನವೊಂದರಲ್ಲಿ ಸಮಾಧಿ ಸಿಕ್ಕಿತು. ಕಲ್ಲಿನ ಮೇಲಿನ ಹೆಸರು ಅರ್ಧ ಅಳಿಸಿತ್ತು. ಅಮ್ಮ ಸೆರಗು ಸಿಕ್ಕಿಸಿಕೊಂಡು ಪಾಚಿ ಉಜ್ಜಿ ತೊಳೆದು, ಹೂವಿಟ್ಟು, ಕೈಮುಗಿದರು. ಮುದುಕರ ಕಣ್ಣಲ್ಲಿ ನೀರು.

ಅಷ್ಟರಲ್ಲಿ ಹೂಗುಚ್ಛ ಹಿಡಿದು ಬಂದ ಹೆಂಗಸೊಬ್ಬಳು, "ನಮ್ಮಜ್ಜನ ಸಮಾಧಿ ಇಷ್ಟು ಚೆನ್ನಾಗಿ ತೊಳೆದಿದ್ದೀರಿ, ಥ್ಯಾಂಕ್ಸ್," ಅಂದಳು. ನಾವು ಸಮಾಧಿಗಳ ಸಾಲು ತಪ್ಪಿ ಬಂದಿದ್ದೆವು. ನಾನು ಸಾರಿ ಹೇಳಿ ಹೊರಟರೆ ಆಕೆ ಮೆತ್ತಗೆ, "ಪಕ್ಕದಲ್ಲೇ ನಮ್ಮಜ್ಜೀನೂ ಇದ್ದಾಳೆ. ನಿಮಗೆ ಟೈಮ್ ಇದ್ದರೆ..." ಅಂದಳು.

೩. ಡ್ಯಾಂಡಿನಾಂಗ್ ಅಜ್ಜಿ

ಮೆಲ್ಬೋರ್ನ್‌ನ ಡ್ಯಾಂಡಿನಾಂಗ್‌ನಲ್ಲಿ ಮುತ್ತಜ್ಜನದೇ ಸರ್‌ನೇಮಿನ ಅಜ್ಜಿಯೊಬ್ಬರಿದ್ದರು. ಫೋನ್ ಮಾಡಿ ಹೋದೆವು. ಮುದುಕರ ಮನೆಯಲ್ಲಿರುವ ಮುತ್ತಜ್ಜನ ಫೋಟೋನೇ ಅವರ ಗೋಡೆಯ ಮೇಲೂ ಇತ್ತು. ಅದೇ ಮೀಸೆ, ಅದೇ ಟೋಪಿ.

"ನನ್ನ ಮುತ್ತಜ್ಜ," ಅಂದರು ಮುದುಕರು.

"ನನಗೂ ಮುತ್ತಜ್ಜ," ಅಂದರು ಅಜ್ಜಿ. ಇಬ್ಬರೂ ತಬ್ಬಿಕೊಂಡರು.

ಟೀ ಕುಡಿಯುತ್ತಾ ಅಜ್ಜಿ, "ಪಾಪ, ಅವನು ಕೆಲಸದ ಮೇಲೆ ಆಗಾಗ ಸಿಡ್ನಿಗೆ ಹೋಗಬೇಕಾಗ್ತಿತ್ತಂತೆ," ಅಂದರು.

ಮುದುಕರು ಕಪ್ ಕೆಳಗಿಟ್ಟರು. "ನಮ್ಮ ಮುತ್ತಜ್ಜಿ ಇದ್ದದ್ದು ಸಿಡ್ನಿಯಲ್ಲಿ. ಅವಳಿಗೆ, ಮೆಲ್ಬೋರ್ನ್‌ನಲ್ಲಿ ಕೆಲಸ ಅಂತ ಹೇಳಿ ಹೋಗ್ತಿದ್ದನಂತೆ."

ಮುದುಕರ ಮುಖ ಬಿಳಿಚಿಕೊಂಡಿತು. ಇಷ್ಟು ದೂರ ಬಂದದ್ದು ಇದಕ್ಕಾ ಅನ್ನಿಸಿ ನನಗೂ ಬೇಜಾರಾಯಿತು. ಅಜ್ಜಿ ಮಾತ್ರ ಅವರ ಕೈ ಹಿಡಿದು, "ನಮ್ಮ ಮುತ್ತಜ್ಜಿ ಒಬ್ಬಳೇ ಅವನನ್ನ ಸಹಿಸಿಕೊಳ್ಳಬೇಕಾಗಲಿಲ್ಲವಲ್ಲ, ಅದೇ ಪುಣ್ಯ," ಎಂದು ನಕ್ಕರು. ಮುದುಕರೂ ನಕ್ಕರು.

ಏನು ವಿಷಯ ಅಂತ ಅಮ್ಮ ನನ್ನ ತಿವಿದರು. ಹೇಳಿದೆ. ಅವರು ಬಿಸ್ಕೆಟ್ ಅದ್ದುತ್ತಾ, "ಬೇರೆ ಊರಿಗೂ ಕೆಲಸದ ಮೇಲೆ ಹೋಗ್ತಿದ್ದನಾ, ಕೇಳು," ಅಂದರು.

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅಜ್ಜಿಯ ನಗು ನಿಂತಿತು. ಗೋಡೆಯ ಮೇಲಿದ್ದ ಮೀಸೆಯ ಕಡೆ ಒಮ್ಮೆ ನೋಡಿ, ನಿಧಾನವಾಗಿ ಹೇಳಿದರು:

"ಬ್ರಿಸ್ಬೇನ್‌ಗೆ."